ಶಿಲುಬೆಯ ಬೆನ್ನ ಮೇಲಿನ ಸಂಖ್ಯೆ

"ಅಮ್ಮಾ, ಸವೇಲಿ ತಾತ ಪದಕಗಳನ್ನೆಲ್ಲ ಯಾಕೆ ಬೋರಲು ಹಾಕಿಡ್ತಾರೆ?"

ಐದು ವರ್ಷದ ತಾಸ್ಯಾ ಮೆಟ್ಟಿಲ ಮೇಲೆಯೇ ಕೇಳಿದಳು. ತಾಯಿ ಉಲ್ಯಾನ ಬಾಯಿ ತೆರೆಯುವಷ್ಟರಲ್ಲಿ ಎದುರುಮನೆಯ ಬಾಗಿಲು ತೆಗೆದು ಮುದುಕನೇ ಉತ್ತರ ಕೊಟ್ಟ.

"ಮುಂದುಗಡೆ ಎಲ್ಲದರಲ್ಲೂ ಒಂದೇ ಕಣೇ ಪುಟ್ಟಿ, ಕುದುರೆ ಮೇಲೆ ಸಂತ ಗೆಯೋರ್ಗಿ. ಬೆನ್ನ ಮೇಲಿನ ನಂಬರು ಮಾತ್ರ ಒಬ್ಬನದೇ. ಉಲ್ಯಾನ, ಬೇಗ ಒಳಗೆ ಬಾ ತಾಯಿ. ಅವನು ಬಂದು ಕೂತಿದಾನೆ."

ತೊರ್ಝೋಕ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಸವೇಲಿ ನಲವತ್ತು ವರ್ಷಗಳಿಂದ ತ್ಸಾರ್ ಕಾಲದ ಶಿಲುಬೆಯಾಕಾರದ ಶೌರ್ಯಪದಕಗಳನ್ನು ಕೂಡಿಸುತ್ತಿದ್ದ. ಹುಡುಕುತ್ತಿದ್ದದ್ದು ಮಾತ್ರ ಒಂದನ್ನೇ: ಮೊದಲ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಹೋರಾಡಿದ ಅಜ್ಜನಿಗೆ ಸಿಕ್ಕ ಬೆಳ್ಳಿ ಶಿಲುಬೆ. ಹಸಿವಿನ ವರ್ಷ ಅಜ್ಜಿ ಅದನ್ನು ಸರ್ಕಾರಿ ಅಂಗಡಿಗೆ ಹಾಕಿ ಹಿಟ್ಟು ತಂದಿದ್ದಳು. ಸಂಖ್ಯೆಯನ್ನು ಪ್ರಾರ್ಥನೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಸವೇಲಿ ಕಂಡ ಕಂಡ ವ್ಯಾಪಾರಿಗೆಲ್ಲ ಅದನ್ನು ಹೇಳಿಕೊಂಡು ಬಂದಿದ್ದ.

ಅಡುಗೆಮನೆಯ ಮೇಜಿನ ಮೇಲೆ ಈಗ ಆ ಸಂಖ್ಯೆಯ ಶಿಲುಬೆ ಇತ್ತು. ತಂದಿದ್ದ ವ್ಯಾಪಾರಿ ರೋದಿಯೋನ್ ಗಡಿಯಾರ ನೋಡಿಕೊಂಡ.

"ಇದು ನಿಮಗೆ, ನಿಮ್ಮ ತಟ್ಟೆಯಲ್ಲಿರೋ ಪದಕ ಪೂರ್ತಿ ನನಗೆ. ಬೇಡ ಅಂದ್ರೆ ಹೇಳಿ, ತ್ವೇರ್‌ನಲ್ಲಿ ಇನ್ನೊಬ್ರು ಕಾಯ್ತಿದಾರೆ."

"ಅವರಿಗೆ ನಮ್ಮಜ್ಜನ ಶಿಲುಬೆ ಯಾಕಪ್ಪಾ?" ಎಂದ ಸವೇಲಿ. ಕಣ್ಣಿಗೆ ಪೊರೆ ಬಂದಿತ್ತು. ಭೂತಗನ್ನಡಿಯನ್ನು ಉಲ್ಯಾನಳ ಕೈಗಿಟ್ಟ. "ಅಲ್ಲಿ ಇರೋದನ್ನ ಓದು. ನನಗೆ ಬೇಕಾದ್ದನ್ನಲ್ಲ."

"ಎರಡು, ನಾಲ್ಕು, ಏಳು..." ಒಂದೊಂದು ಅಂಕಿಗೂ ಮುದುಕನ ತುಟಿ ಅವಳ ಜೊತೆಗೇ ಅಲ್ಲಾಡುತ್ತಿತ್ತು. "ಮೂರು, ಒಂದು..."

ಕೊನೆಯದು ಆರೇ. ಆದರೆ ಉಲ್ಯಾನ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಹೂಂ ಎಂದರೆ ಸಾಕು, ಮುದುಕ ಸಾಯುವವರೆಗೂ ಸುಖವಾಗಿರುತ್ತಾನೆ. ತಟ್ಟೆಯಲ್ಲಿ ಬೋರಲು ಮಲಗಿದ್ದ ಶಿಲುಬೆಗಳ ಕಡೆ ನೋಡಿದಳು. ಅವೂ ಯಾರದೋ ಅಜ್ಜಂದಿರವು.

"ಆರು ಇದೆ ತಾತ. ಆದರೆ ಅದರ ಸುತ್ತ ತಗ್ಗಾಗಿದೆ. ಮಿಕ್ಕ ಅಂಕಿಗಳಲ್ಲಿ ಕಪ್ಪು ಕೂತಿದೆ, ಇದರಲ್ಲಿಲ್ಲ."

"ಪಾತ್ರೆ ತಿಕ್ಕೋರಿಗೆ ಎಲ್ಲದರಲ್ಲೂ ಕಲೆ ಕಾಣುತ್ತೆ," ಪಾತ್ರೆ ತೊಳೆದು ಒರಟಾದ ಅವಳ ಕೈ ನೋಡಿ ರೋದಿಯೋನ್ ನಕ್ಕ.

ಸವೇಲಿ ಶಿಲುಬೆಯ ತೋಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿದ. ತುಂಬ ಹೊತ್ತು ಸವರಿದ.

"ಮೂವತ್ತು ವರ್ಷ ಅರ ಹಿಡಿದ ಕೈ ಇದು. ಹಳೇ ಅಂಕಿ ಉಜ್ಜಿ ತೆಗೆದು ಆರು ಕೊರೆದಿದೀಯ. ಚಹಾ ಆಯ್ತಲ್ಲ, ಟೋಪಿ ತಗೊಂಡು ನಡಿ."

ಬಾಗಿಲು ದಡಾರನೆ ಮುಚ್ಚಿತು. ತಾಸ್ಯಾ ಬಾಯಲ್ಲಿದ್ದ ಬಿಸ್ಕತ್ತು ಅಗಿಯುವುದನ್ನೂ ಮರೆತಿದ್ದಳು. ಮುದುಕ ಪ್ರಾರ್ಥನೆ ಪುಸ್ತಕದ ಕೊನೆಯ ಪುಟ ತೆರೆದು ಉಲ್ಯಾನಳ ಮುಂದಿಟ್ಟ.

"ದಿನಾ ನೋಟ್‌ಬುಕ್ಕಲ್ಲಿ ಏನೋ ಬರೀತೀಯಲ್ಲ, ಇದನ್ನೂ ಬರ್ಕೋ. ಅದು ಮುಗಿದ್ರೆ ಹೊಸದಕ್ಕೆ ಇಳಿಸ್ಕೋ. ನಾನು ಊರಿಗೆಲ್ಲ ಹೇಳಿ ಕೆಟ್ಟೆ, ನೀನು ಯಾರಿಗೂ ಹೇಳಬೇಡ. ಎಲ್ಲಾದ್ರೂ ಬೆಳ್ಳಿ ಶಿಲುಬೆ ಕಂಡ್ರೆ, ನನ್ನ ಬದಲು ಒಂದ್ಸಲ ತಿರುಗಿಸಿ ನೋಡ್ತೀಯಾ, ಮಗಳೇ?"