ಶೆಡ್ಡಿನಿಂದ ಗೇಟಿನ ತನಕ

ಜಂಗಮಕೋಟೆಯ ತನುಜಾಳ ಕಾರು ನಾಲ್ಕು ತಾಲ್ಲೂಕುಗಳಿಗೆ ಹಂಚಿಹೋಗಿತ್ತು. ಮೈ ಮಾತ್ರ ಅವಳ ಮನೆಯ ಹಿಂದೆ ರೇಷ್ಮೆ ಹುಳ ಸಾಕುತ್ತಿದ್ದ ಹಳೇ ಹುಳುಮನೆಯಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತು. ಕಾರ್ಬುರೇಟರ್ ಚಿಕ್ಕಬಳ್ಳಾಪುರದಲ್ಲಿ, ಗೇರ್‌ಬಾಕ್ಸ್ ಗೌರಿಬಿದನೂರಿನಲ್ಲಿ, ಸ್ಟಾರ್ಟರ್ ಮೋಟರು ಚಿಂತಾಮಣಿಯಲ್ಲಿ. ಹೀಗಿರುವಾಗ ಅವಳು ಪಾಠ ಹೇಳುವ ಶಿಡ್ಲಘಟ್ಟದ ಕಾಲೇಜಿನಲ್ಲಿ ಯಾರಾದರೂ "ಮೇಡಂ, ನಿಮ್ಮ ಸ್ಪೋರ್ಟ್ಸ್ ಕಾರು ಎಲ್ಲಿಗೆ ಬಂತು?" ಎಂದು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಎಲ್ಲಿಗೆ ಬಂತು ಅಂದರೆ ಯಾವ ತುಂಡಿನ ಬಗ್ಗೆ ಹೇಳಬೇಕು?

ಹಳೇ ಕಾರಿನ ಹುಚ್ಚಿರುವವರ ವಾಟ್ಸ್ಯಾಪ್ ಗುಂಪಿಗೆ ಸೇರಿ, ಒಂದು ಫೋಟೊ ಹಾಕಿ, ಯಾರಾದರೂ ಸಹಾಯ ಮಾಡುತ್ತೀರಾ ಎಂದು ಕೇಳಿದ್ದೇ ಅವಳ ತಪ್ಪು. ಮರುವಾರವೇ ಮೂವರು ಬಂದಿಳಿದರು. ಮೊದಲನೆಯವರು ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರು ಮೋಹನ್‌ಬಾಬು. ಕಾರ್ಬುರೇಟರಿನ ಸೂಕ್ಷ್ಮ ತೂತುಗಳನ್ನು ಶುಚಿ ಮಾಡಲು ತಮ್ಮ ಕ್ಲಿನಿಕ್ಕಿನಲ್ಲಿರುವಂಥ ಕಡ್ಡಿಗಳು ಜಿಲ್ಲೆಯಲ್ಲೇ ಇಲ್ಲ ಎಂದು ಅದನ್ನು ಬಿಚ್ಚಿ ಟಿಫಿನ್ ಬ್ಯಾಗಿಗೆ ಹಾಕಿಕೊಂಡು ಹೋದರು. ಎರಡನೆಯವರು ಗೌರಿಬಿದನೂರಿನ ಕೋನಪ್ಪ, ಕರೆಂಟಿನ ಇಲಾಖೆಯಿಂದ ನಿವೃತ್ತರಾಗಿ ಹೊತ್ತು ಕಳೆಯಲು ದಾರಿ ಹುಡುಕುತ್ತಿದ್ದವರು. ಅವರಿಗೆ ಆ ದಾರಿ ಗೇರ್‌ಬಾಕ್ಸಿನಲ್ಲಿ ಸಿಕ್ಕಿತು. ಮೂರನೆಯವರು ಚಿಂತಾಮಣಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ಕಾಯಿಲ್ ಸುತ್ತುವ ಅಂಗಡಿಯ ರಮೇಶ್‌ಬಾಬು. ಸ್ಟಾರ್ಟರ್ ಹಿಡಿದು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, "ಇದು ನಾಳೆ ಸಾಯಂಕಾಲಕ್ಕೆ ರೆಡಿ ಮೇಡಂ" ಎಂದರು. ಎರಡು ಯುಗಾದಿ ಕಳೆದರೂ ಆ ನಾಳೆ ಬರಲಿಲ್ಲ.

ಮೂವರೂ ಒಳ್ಳೆಯವರೇ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು. ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಭಾನುವಾರ ಬರುವರು, ಒಬ್ಬರು ಬಿಗಿ ಮಾಡಿದ್ದನ್ನು ಇನ್ನೊಬ್ಬರು ಸಡಿಲ ಮಾಡುವರು, ಮೂರನೆಯವರು "ಇದನ್ನ ಯಾರು ಮುಟ್ಟಿದ್ದು?" ಎಂದು ಜಗಳಕ್ಕೆ ನಿಲ್ಲುವರು. ಆಮೇಲೆ ಮೂವರೂ ಕೈ ತೊಳೆದು, ತನುಜಾಳ ತಾಯಿ ಗಂಗುಲಮ್ಮ ಮಾಡಿದ ಮುದ್ದೆ, ಕೋಳಿ ಸಾರು ಹೊಡೆದು, ಸಿಂಗಪುರದಲ್ಲೊಬ್ಬ ಇಂಥದೇ ಕಾರನ್ನು ಹೇಗೆ ಓಡಿಸಿದ ಎಂಬ ವಿಡಿಯೊ ನೋಡುತ್ತಾ ಕೂರುವರು. ಸಂಜೆ ಹೊರಡುವಾಗ ಇನ್ನೊಂದು ತುಂಡು ಯಾರದೋ ಚೀಲ ಸೇರಿರುತ್ತಿತ್ತು.

ಗಂಗುಲಮ್ಮನ ಸಿಟ್ಟು ಬೇರೆಯದು. ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಆಕೆ ಜೋಪಾನವಾಗಿ ಗೋಡೆಗೆ ಒರಗಿಸಿಟ್ಟಿದ್ದರು. ಈ ಮೂವರು ಅವನ್ನು ಮಲಗಿಸಿ, ಸುರುಳಿಗಳ ನಡುವೆ ನಟ್ಟು, ಬೋಲ್ಟು, ವಾಷರುಗಳನ್ನು ಸಾಲಾಗಿ ಜೋಡಿಸಿದ್ದರು.

"ಹುಳ ಬಿಟ್ಟಿದ್ರೆ ಇಷ್ಟೊತ್ತಿಗೆ ಹತ್ತು ಬೆಳೆ ತೆಗೀತಿದ್ದೆ. ಈ ಕಬ್ಬಿಣ ಯಾವತ್ತು ಗೂಡು ಕಟ್ತದೆ ಕೇಳಮ್ಮಿ ಅವ್ರನ್ನ," ಎನ್ನುತ್ತಿದ್ದರು.

ಇಷ್ಟೆಲ್ಲಾ ಕೇಳಿಸಿಕೊಂಡೂ ತನುಜಾ ಆ ಕಾರನ್ನು ಬಿಡದಿರಲು ಕಾರಣ ಅವಳ ಅಪ್ಪ ಮುನಿಗಂಗಪ್ಪ.

ಮುನಿಗಂಗಪ್ಪ ಪ್ರಾಯದಲ್ಲಿ ಶಿಡ್ಲಘಟ್ಟದ ಒಬ್ಬ ರೇಷ್ಮೆ ಸಾಹುಕಾರರ ಡ್ರೈವರು. ಅವರ ಜೀಪು ಓಡಿಸಿದರು, ಲಾರಿ ಓಡಿಸಿದರು, ಗೂಡು ತುಂಬಿಕೊಂಡು ಆಂಧ್ರಕ್ಕೂ ಹೋಗಿಬಂದರು. ಆದರೆ ಸಾಹುಕಾರರು ಯಾರೋ ದೊರೆಯಿಂದ ಕೊಂಡು ತಂದ ಈ ಕೆಂಪು ವಿಲಾಯಿತಿ ಕಾರು ಮಾತ್ರ ಬೇರೆ. ತಲೆ ತೆರೆದ ಕಾರು, ಇದ್ದದ್ದೇ ಎರಡು ಸೀಟು. ಸಾಹುಕಾರರು ತಾವೇ ಓಡಿಸುವರು, ಪಕ್ಕದ ಸೀಟು ಅವರ ನಾಯಿಗೆ. ಹಾಗಾಗಿ ಡ್ರೈವರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಬೆಳಿಗ್ಗೆ ಎದ್ದು ಒರೆಸುವುದು, ಎಂಜಿನ್ ಬೆಚ್ಚಗೆ ಮಾಡುವುದು, ಬಂಗಲೆಯ ಹಿಂದಿನ ಶೆಡ್ಡಿನಿಂದ ಮುಂದಿನ ಗೇಟಿನ ತನಕ ತರುವುದು, ಇಳಿದು ಬಾಗಿಲು ಹಿಡಿದು ನಿಲ್ಲುವುದು. ಬೀದಿಯ ಜನ ನೋಡಲಿ ಎಂದು ಸಾಹುಕಾರರು ಗೇಟಿನಲ್ಲೇ ಕಾಯುತ್ತಿದ್ದರು. ಅವರು ಹತ್ತಿ, ನಾಯಿ ಹತ್ತಿ, ಕಾರು ನಂದಿ ಕಡೆಗೋ ಸ್ಕಂದಗಿರಿ ಕಡೆಗೋ ಹೋದ ಮೇಲೆ ಮುನಿಗಂಗಪ್ಪ ಧೂಳು ಕೊಡವಿಕೊಂಡು ಒಳಗೆ ಬರುವರು. ಸಂಜೆ ಮತ್ತೆ ಗೇಟಿನಿಂದ ಶೆಡ್ಡಿಗೆ. ಕೂದಲು ಬೆಳ್ಳಗಾಗುವವರೆಗೆ ಅವರು ಆ ಕಾರನ್ನು ಓಡಿಸಿದ್ದು ಅಷ್ಟೇ ದಾರಿ.

ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋಗಿ ತನುಜಾ ಇದನ್ನು ನೋಡಿದ್ದಳು. ಆಗ ನಗು ಬಂದಿತ್ತು. ಓದಿ, ಕೆಲಸ ಹಿಡಿದು, ನಲವತ್ತಾದ ಮೇಲೆ ನೆನೆಸಿಕೊಂಡರೆ ನಗು ಬರುತ್ತಿರಲಿಲ್ಲ. ರಸ್ತೆಯ ಮೇಲೆ ಆ ಕಾರು ಹೇಗೆ ಓಡುತ್ತದೆ ಎಂದು ಸಾಹುಕಾರರ ನಾಯಿಗೆ ಗೊತ್ತಿತ್ತು, ನಮ್ಮಪ್ಪನಿಗೆ ಗೊತ್ತಿಲ್ಲವಲ್ಲ! ಸಾಹುಕಾರರು ತೀರಿಕೊಂಡು, ಮಕ್ಕಳು ಬಂಗಲೆ ಮಾರಿ, ಕಾರು ಗುಜರಿಯವನ ಕೈ ಸೇರಿದೆ ಎಂದು ತಿಳಿದ ದಿನವೇ ಹೋಗಿ ಕೊಂಡು ತಂದಳು. "ಆ ದುಡ್ಡಲ್ಲಿ ಒಂದು ಸೀಮೆಹಸ ಬರ್ತಿತ್ತು" ಎಂದರು ಗಂಗುಲಮ್ಮ. ಮುನಿಗಂಗಪ್ಪ ಕಾರಿನ ಸುತ್ತ ಒಂದು ಸಲ ಬಂದು, "ಯಾಕಮ್ಮ ಬೇಕಿತ್ತು ಈ ಶನಿ?" ಎಂದರು. ಮಾರನೇ ಬೆಳಿಗ್ಗೆ ನೋಡಿದರೆ ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸುತ್ತಿದ್ದರು.

ಅವಳ ಆಸೆ ಒಂದೇ. ಅಪ್ಪ ಆ ಕಾರನ್ನು ಗೇಟು ದಾಟಿಸಿ ರಸ್ತೆಯ ಮೇಲೆ ಓಡಿಸಬೇಕು. ಆದರೆ ಅಪ್ಪನ ಎಡಮೊಣಕಾಲು ಸವೆಯುತ್ತಿತ್ತು. ಕ್ಲಚ್ ಒತ್ತುವ ಕಾಲು ಅದು. ಈ ವರ್ಷ ಮೆಟ್ಟಿಲು ಹತ್ತಲು ಗೋಡೆ ಹಿಡಿಯತೊಡಗಿದರು. ಆಪರೇಷನ್ ಆಗಬೇಕು, ಆಮೇಲೆ ಡ್ರೈವಿಂಗ್ ಮರೆತುಬಿಡಿ ಎಂದು ಮೂಳೆ ಡಾಕ್ಟರು ಹೇಳಿಬಿಟ್ಟರು. ಅವತ್ತು ಆಸ್ಪತ್ರೆಯಿಂದ ಬಂದವಳೇ ತನುಜಾ ಕೋನಪ್ಪನವರಿಗೆ ಫೋನ್ ಮಾಡಿದಳು.

"ಸರ್, ನಮ್ಮ ಗೇರ್‌ಬಾಕ್ಸ್ ವಾಪಸ್ ಕೊಟ್ಬಿಡಿ."

"ಆತುರ ಪಟ್ರೆ ಹೆಂಗಮ್ಮ? ಇನ್ನೂ ಸ್ವಲ್ಪ ಗೊರಗೊರ ಅಂತದೆ."

"ಅನ್ಲಿ ಬಿಡಿ ಸರ್! ನಮ್ಮಪ್ಪನ ಮಂಡೀನೂ ಗೊರಗೊರ ಅಂತಿದೆ. ನೀವು ಮೂರು ಜನ ಸೇರ್ಕೊಂಡು ಅದನ್ನ ಪಾಲಿಶ್ ಮಾಡ್ತಾ ಇರಿ. ಅಷ್ಟೊತ್ತಿಗೆ ಅವರ ಕಾಲು ಹೋಗಿರ್ತದೆ. ಆಮೇಲೆ ಆ ಕಾರನ್ನ ನಾನು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

ಅಷ್ಟು ಹೇಳಿ ಅವಳಿಗೆ ಅಳು ಬಂತು. ಸಾಹುಕಾರರು, ನಾಯಿ, ಗೇಟು, ಎಲ್ಲಾ ಒಂದೇ ಉಸಿರಿಗೆ ಹೇಳಿದಳು. ಆ ಕಡೆ ಕೋನಪ್ಪ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು.

"ಇದನ್ನ ಮೊದ್ಲೇ ಹೇಳಬಾರ್ದಿತ್ತಾ ತಾಯಿ?" ಎಂದರು. "ನಿಮಗೆ ಶೋಕಿಗೆ ಬೇಕು ಅಂದ್ಕೊಂಡಿದ್ವಿ. ನಮಗೂ ಭಾನುವಾರ ಬರಕ್ಕೆ ಒಂದು ನೆಪ ಬೇಕಿತ್ತು, ಎಳೀತಾ ಇದ್ವಿ. ಬರೋ ಭಾನುವಾರ ಕೂರಿಸಿಬಿಡಣ."

ಹೇಳಿದ ಹಾಗೇ ಭಾನುವಾರ ಬೆಳಿಗ್ಗೆ ಕೋನಪ್ಪನೂ ಮೋಹನ್‌ಬಾಬೂ ಹೊತ್ತು ಮೂಡುವ ಮುಂಚೆ ಬಂದರು. ರಮೇಶ್‌ಬಾಬು ಮಾತ್ರ ಬರಲಿಲ್ಲ. "ಸ್ಟಾರ್ಟರ್‌ದು ಒಂದೇ ಒಂದು ಕಾಯಿಲ್ ಬಾಕಿ ಮೇಡಂ, ಮಧ್ಯಾಹ್ನಕ್ಕೆ ತಂದ್ಬಿಡ್ತೀನಿ" ಎಂದು ಮೆಸೇಜು. ಸರಿ, ತಳ್ಳಿ ಸ್ಟಾರ್ಟ್ ಮಾಡೋಣ ಎಂದಾಯಿತು. ಗೇರ್‌ಬಾಕ್ಸ್ ಕೂರಿಸಿ, ಕಾರನ್ನು ಇಟ್ಟಿಗೆಯಿಂದ ಇಳಿಸಿದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಎಲ್ಲಾ ಗೇರೂ ಬೀಳುತ್ತವೆ, ರಿವರ್ಸ್ ಮಾತ್ರ ಬೀಳುವುದಿಲ್ಲ.

"ಇಷ್ಟು ದಿನ ಇಟ್ಕೊಂಡು ಮಾಡಿದ್ದು ಇದಾ ಸರ್?" ಎಂದಳು ತನುಜಾ.

"ಸ್ಪೋರ್ಟ್ಸ್ ಕಾರಮ್ಮ ಇದು, ಹಿಂದಕ್ಕೆ ಯಾಕೆ?" ಎಂದು ಕೋನಪ್ಪ ಮುಖ ಬೇರೆ ಕಡೆ ತಿರುಗಿಸಿದರು.

ಡಾಕ್ಟರು ತೊಳೆದ ಕಾರ್ಬುರೇಟರಿನದು ಮತ್ತೊಂದು ರಗಳೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಪ್ರಾಣ ಬಿಡುತ್ತಿತ್ತು. ತಪ್ಪು ಮುಚ್ಚಿಕೊಳ್ಳಲೋ ಏನೋ, ಮೋಹನ್‌ಬಾಬು ಕ್ಯಾನಿನಲ್ಲಿ ತಂದ ಪೆಟ್ರೋಲು ಸುರಿದು ಟ್ಯಾಂಕು ತುಂಬಿಸಿದರು.

ಮುನಿಗಂಗಪ್ಪನನ್ನು ಕೂರಿಸುವುದೇ ಒಂದು ಸಾಹಸವಾಯಿತು. "ನಂಗ್ಯಾಕಮ್ಮ? ನೀನು ಓಡ್ಸು, ನಾನು ನೋಡ್ತೀನಿ" ಎಂದು ಹಟ ಹಿಡಿದರು. ಗಂಗುಲಮ್ಮ ಒಳಗಿನಿಂದ, "ಹತ್ತಿ ಅತ್ಲಾಗೆ! ನನ್ನ ಹುಳುಮನೆ ಖಾಲಿ ಆಗ್ಲಿ," ಎಂದು ಗದರಿದ ಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹತ್ತಿ ಕೂತರು. ತನುಜಾ, ಕೋನಪ್ಪ, ಡಾಕ್ಟರು ಮೂವರೂ ತಳ್ಳಿದರು. ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಗುಡುಗುಡು ಎಂದು ಹಿಡಿದುಕೊಂಡಿತು. ಕಾರು ಅಂಗಳ ದಾಟಿ, ಹಲಸಿನ ಮರ ಬಳಸಿ ಗೇಟಿನ ಹತ್ತಿರ ಬಂತು. ಅಲ್ಲಿ ನಿಂತಿತು.

ಮುನಿಗಂಗಪ್ಪ ಇಳಿದರು. ಎಂಜಿನ್ ಆರಿಹೋಯಿತು. ಅವರು ಬಾಗಿಲು ಹಿಡಿದು, ತಲೆ ತುಸು ಬಗ್ಗಿಸಿ, ಮಗಳು ಬರಲಿ ಎಂದು ನಿಂತರು.

ತಾನು ಏನು ಮಾಡಿದೆ ಎಂಬುದು ಆ ಮನುಷ್ಯನಿಗೆ ಗೊತ್ತೇ ಆಗಿರಲಿಲ್ಲ. ತನುಜಾಗೆ ಕಾರನ್ನು ಬೆಂಕಿ ಹಚ್ಚಿ ಸುಡಬೇಕು ಎನ್ನಿಸಿತು.

"ಅಪ್ಪಾ, ಯಾಕಪ್ಪಾ ಇಳ್ದೆ?" ಎಂದು ಕೂಗಿದಳು. "ಇಲ್ಲಿ ಯಾವ ಸಾಹುಕಾರನೂ ಇಲ್ಲ. ನಿಂಗೋಸ್ಕರ ಇಷ್ಟು ವರ್ಷ ಇವ್ರ ಕೈ ಕಾಲು ಹಿಡ್ಕೊಂಡು ಸಾಯ್ತಾ ಇದೀನಿ, ನೀನು ಬಾಗಿಲು ತೆಗೀತೀಯಲ್ಲಪ್ಪಾ!"

ಮುನಿಗಂಗಪ್ಪ ತಮ್ಮ ಕೈಯನ್ನು ನೋಡಿಕೊಂಡರು, ಬಾಗಿಲನ್ನು ನೋಡಿದರು. ಕೈ ತೆಗೆದು ಟವೆಲಿಗೆ ಒರೆಸಿಕೊಂಡರು.

"ಅಭ್ಯಾಸ ಕಣಮ್ಮ," ಎಂದರು ಮೆಲ್ಲಗೆ. "ಕಾಲು ತಾನಾಗೇ ಇಳೀತು."

ಮತ್ತೆ ಹತ್ತಿದರು, ಮಂಡಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು. ಕಾರು ಹಿಡಿದುಕೊಂಡ ತಕ್ಷಣ ತನುಜಾ ಓಡಿ ಪಕ್ಕದ ಸೀಟಿಗೆ ಹತ್ತುವುದು ಎಂದು ಮಾತಾಯಿತು. ಮೂವರೂ ಗೇಟಿನಾಚೆ ತಳ್ಳಿದರು. ಈ ಸಲ ಎಂಜಿನ್ ಒಂದೇ ಏಟಿಗೆ ಹಿಡಿಯಿತು, ಎಷ್ಟು ಜೋರಾಗಿ ಅಂದರೆ ತಳ್ಳುತ್ತಿದ್ದ ಡಾಕ್ಟರು ಮುಗ್ಗರಿಸಿ ಬಿದ್ದರು. ಅವರನ್ನು ಎತ್ತುವಷ್ಟರಲ್ಲಿ ಕಾರು ಎಚ್ ಕ್ರಾಸ್ ದಾರಿ ಹಿಡಿದಾಗಿತ್ತು. "ನಿಲ್ಸಿದ್ರೆ ಆರಿಹೋಗ್ತದಮ್ಮಾ!" ಎಂಬ ಕೂಗು ಮಾತ್ರ ಹಿಂದಕ್ಕೆ ಬಂತು.

ಈಗ ಶುರುವಾಯಿತು ಪೇಚಾಟ. ನಿಲ್ಲಿಸುವ ಹಾಗಿಲ್ಲ, ಸ್ಟಾರ್ಟರ್ ಇಲ್ಲ. ಸಣ್ಣ ರಸ್ತೆಯಲ್ಲಿ ತಿರುಗಿಸುವ ಹಾಗಿಲ್ಲ, ರಿವರ್ಸ್ ಇಲ್ಲ. ಅಪ್ಪನ ಫೋನು ದೇವರ ಮನೆಯ ಪಕ್ಕ ಚಾರ್ಜಿಗೆ ನೇತಾಡುತ್ತಿತ್ತು. ತನುಜಾ ಡಾಕ್ಟರನ್ನು ಬೈದಳು, ಕೋನಪ್ಪನನ್ನು ಬೈದಳು, ಎದುರಿಗಿಲ್ಲದ ರಮೇಶ್‌ಬಾಬುವನ್ನು ಎಲ್ಲರಿಗಿಂತ ಜಾಸ್ತಿ ಬೈದಳು.

"ಎಚ್ ಕ್ರಾಸಲ್ಲಿ ರಸ್ತೆ ಅಗಲ ಇದೆ ಮೇಡಂ, ಅಲ್ಲಿ ತಿರುಗಿಸ್ಕೊಂಡು ಬರ್ತಾರೆ," ಎಂದು ಡಾಕ್ಟರು ಮೊಣಕೈ ಉಜ್ಜಿಕೊಳ್ಳುತ್ತಾ ಸಮಾಧಾನ ಹೇಳಿದರು. ಎಲ್ಲರೂ ಕಾದರು. ಹಾಲಿನ ವ್ಯಾನು ಬಂತು, ಹಿಪ್ಪುನೇರಳೆ ಸೊಪ್ಪು ಹೇರಿದ ಟೆಂಪೊ ಬಂತು. ಅಪ್ಪ ಬರಲಿಲ್ಲ. ಅಂತೂ ಫೋನು ಹೊಡೆದುಕೊಂಡಿತು. ರಮೇಶ್‌ಬಾಬು ಏದುಸಿರು ಬಿಡುತ್ತಿದ್ದರು.

"ಮೇಡಂ, ನಿಮ್ಮಪ್ಪ ಚಿಂತಾಮಣೀಲಿ ಅವ್ರೆ! ನಮ್ಮ ಅಂಗಡಿ ಮುಂದೆ ಹೋದ್ರು. ಸ್ಟಾರ್ಟರ್ ಎತ್ಕೊಂಡು ಹಿಂದೇನೆ ಓಡ್ದೆ. 'ಆಗಂಡಿ, ನಿಲ್ಸಿ' ಅಂತ ಕೂಗ್ದೆ. ಕೈ ಬೀಸ್ಬಿಟ್ಟು ಹೋಗೇಬಿಟ್ರು!"

ತನುಜಾ ಫೋನು ಕೆಳಗಿಳಿಸಿದಳು. ಅಂದರೆ ಎಚ್ ಕ್ರಾಸಿನಲ್ಲಿ ತಿರುಗಿಸಬಹುದಿತ್ತು, ಅಪ್ಪ ತಿರುಗಿಸಲಿಲ್ಲ. ಅವಳ ಸಿಟ್ಟೆಲ್ಲಾ ಎಲ್ಲಿಗೆ ಹೋಯಿತೋ.

ಆಮೇಲೆ ಶಿಡ್ಲಘಟ್ಟದಿಂದ ಕಾಲೇಜಿನ ಸಹೋದ್ಯೋಗಿ ಶೋಭಾರಾಣಿ ಒಂದು ಫೋಟೊ ಕಳಿಸಿದಳು. ತಲೆಗೆ ಟವೆಲು ಸುತ್ತಿದ ಮುದುಕ, ಕೆಂಪು ಕಾರು, ಹಿಂದೆ ಹಾರನ್ ಹೊಡೆಯುತ್ತಿರುವ ಬಸ್ಸು. ಗಂಗುಲಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಹಲ್ಲು ಬಿಟ್ಕೊಂಡು ಹೆಂಗೆ ಕೂತವ್ರೆ ನೋಡು. ಮದುವೇಲೂ ಹಿಂಗೆ ನಗ್ಲಿಲ್ಲ," ಎಂದರು.

ಬಿಸಿಲು ಏರಿ, ಮುದ್ದೆ ಆರುವ ಹೊತ್ತಿಗೆ, ಹೋದ ದಾರಿಯಿಂದಲ್ಲ, ಸುತ್ತುಹಾಕಿಕೊಂಡು ಶಿಡ್ಲಘಟ್ಟದ ಕಡೆಯಿಂದ ಗುಡುಗುಡು ಸದ್ದು ಬಂತು. ತನುಜಾ ಗೇಟಿನ ಹೊರಗೆ ಬಂದು ನಿಂತಳು. ಕಾರು ಹತ್ತಿರವಾಗುತ್ತಾ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಮುನಿಗಂಗಪ್ಪ ಎಡಗೈ ಚಾಚಿ, ಒಳಗೆ ಕೂತಲ್ಲಿಂದಲೇ ಆ ಕಡೆಯ ಬಾಗಿಲು ತಳ್ಳಿದರು.

"ಬೇಗ ಹತ್ತಮ್ಮಾ, ನಿಲ್ಸಾಕಿಲ್ಲ!"

ನಲವತ್ತು ದಾಟಿದ ಕಾಲೇಜು ಮೇಡಂ ಸೀರೆ ಎತ್ತಿ ಕಟ್ಟಿ, ಇಡೀ ಜಂಗಮಕೋಟೆ ನೋಡುತ್ತಿರುವಾಗ ಕಾರಿನ ಜೊತೆ ಓಡಿ, ಸೀಟಿನ ಮೇಲೆ ಬಿದ್ದಳು. ಹಿಂದಿನಿಂದ ಕೋನಪ್ಪ ಏನೋ ಕೂಗಿದರು, ಗಂಗುಲಮ್ಮ ಮುದ್ದೆಯ ಬಗ್ಗೆ ಏನೋ ಬೈದರು.

"ಮಂಡಿ ನೋಯ್ತಿಲ್ವೇನಪ್ಪಾ?" ಎಂದಳು ತನುಜಾ ಬಾಗಿಲು ಎಳೆದುಕೊಳ್ಳುತ್ತಾ.

"ಪ್ರಾಣ ಹೋಗ್ತದೆ," ಎಂದರು ಮುನಿಗಂಗಪ್ಪ, ಗೇರು ಬದಲಾಯಿಸುತ್ತಾ.

"ಮತ್ತೆ ಎಲ್ಲಿಗೆ ಹೊಂಟಿದೀಯ?"

"ಗೊತ್ತಿಲ್ಲ ಕಣಮ್ಮ. ಹಿಂದಕ್ಕಂತೂ ಹೋಗಂಗಿಲ್ಲವಲ್ಲ," ಎಂದು ಅವರು ಕಾಲು ಒತ್ತಿದರು. ಗೇಟು ಹಿಂದೆ ಉಳಿಯಿತು.