ಎಂಜಿನ್ ನಿಲ್ಲಿಸಿದವಳು

ಸುಜಾತಾಳ ಪೈಲಟ್ ಕೆಲಸ ತಪ್ಪಿಸಿದವನು ನಾನು. ಮಾತಿನಿಂದ ತಪ್ಪಿಸಿದೆ — ಅದೂ ನಗಿಸುವ ಮಾತಿನಿಂದ. ಆ ಮಾತು ಸುಳ್ಳು ಎಂಬುದು ಅದನ್ನು ಆಡುವಾಗಲೇ ನನಗೆ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ, ಒಂದು ಮುಂಜಾನೆ. ಹಿರೇಬೆಂಡಿಗೇರಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಮೂವರು ಕುಳಿತಿದ್ದೆವು. ನಾನು, ಚಹಾದಂಗಡಿಯ ಬಾಬುಸಾಬ, ಮತ್ತು ಠಾಣೆಯಿಂದ ಮೋಟರ್‌ಸೈಕಲ್ ಮೇಲೆ ಬಂದಿದ್ದ ಒಬ್ಬ ಪೊಲೀಸಪ್ಪ. ಕೆಳಗೆ, ತುಸು ದೂರದಲ್ಲಿ, ಟವೆಲ್ಲನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು ಹನುಮಂತಪ್ಪ ನಿಂತಿದ್ದ. ಸುಜಾತಾಳ ಅಪ್ಪ. ನಮ್ಮ ಹೊಲದಲ್ಲೇ ದುಡಿದು ತಲೆ ಬೆಳ್ಳಗೆ ಮಾಡಿಕೊಂಡವನು. ಮೇಲೆ ಬಂದು ಕೂಡು ಎಂದು ನಾವ್ಯಾರೂ ಅನ್ನಲಿಲ್ಲ. ಅಂದಿದ್ದರೂ ಅವನು ಕೂಡುತ್ತಿರಲಿಲ್ಲ — ಹೀಗಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಮ್ಮೆ ಕರೆದು ನೋಡಿದವರು ಯಾರು?

ಹುಡುಗಿ ಸರಕಾರದ ಸಹಾಯದಿಂದ ವಿಮಾನ ಹಾರಿಸಲು ಕಲಿತು, ಲೈಸೆನ್ಸ್ ತೆಗೆದುಕೊಂಡು, ಒಂದು ಕಂಪನಿಯಲ್ಲಿ ಆಯ್ಕೆಯಾಗಿದ್ದಳು. ಕೆಲಸಕ್ಕೆ ಸೇರುವ ಮೊದಲು ವಿಮಾನ ನಿಲ್ದಾಣದೊಳಗೆ ಹೋಗುವ ಪಾಸು ಬರಬೇಕು. ಪಾಸು ಬರಬೇಕಾದರೆ ಹುಟ್ಟಿದ ಊರಲ್ಲಿ ಪೊಲೀಸರು ವಿಚಾರಿಸಬೇಕು — ಹುಡುಗಿ ಎಂಥವಳು, ನಡತೆ ಹೆಂಗೆ ಎಂದು. ಪೊಲೀಸಪ್ಪ ಬಂದದ್ದು ಅದಕ್ಕೆ.

"ಅಲ್ಲೋ ಹನುಮಂತ, ವಿಮಾನದವ್ರು ಪಗಾರ ಎಷ್ಟ ಕೊಡ್ತಾರಂತ?" ಎಂದು ಬಾಬುಸಾಬ ಕೇಳಿದ.

"ಮೊದ್ಲಿಗೆ ಪೂರ್ತಿ ಇಲ್ರಿ ಸಾಹೇಬ್ರ. ಕಲಿಯೂತನಕ ಕೈಖರ್ಚಿಗೆ ಆಗೂವಷ್ಟ. ಅವರ ವಿಮಾನ ಹಾರ್ಸೂದು ಅವರ ಕಲಸ್ತಾರಂತ, ಅದಕ್ಕ ಇಂತಿಷ್ಟ ವರ್ಷ ಬಿಟ್ಟು ಹೋಗೂದಿಲ್ಲಂತ ಬಾಂಡ್ ಬರದ ಕೊಡಬೇಕ್ರಿ. ಆಮ್ಯಾಲೆ ಕ್ಯಾಪ್ಟನ್ ಬಾಜೂಕ ಕುಂತು ಪರೀಕ್ಷಾ ಪಾಸಾದ ಮ್ಯಾಲ ಖರೇ ಪಗಾರ."

"ಯಾ ಅಲ್ಲಾ! ಹಂಗಾರ ನಮ್ಮ ದುಂಡಸಿ ಬಸ್ಸಿನ ಡ್ರೈವರ್‌ನ ಚಲೋ ಬಿಡಪಾ. ಕುಂತ ದಿನದಿಂದ ಪಗಾರ. ಬಿದ್ರೂ ರಸ್ತೇದ ಮ್ಯಾಲ ಬೀಳ್ತಾನ!"

ಎಲ್ಲರೂ ನಕ್ಕೆವು. ಹನುಮಂತಪ್ಪನೂ ನಕ್ಕ. ನಕ್ಕು, ಪೊಲೀಸಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದ — "ತಾರೀಖಿನೊಳಗ ಪಾಸ್ ಬರಲಿಲ್ಲಂದ್ರ ಪಟ್ಟಿಯೊಳಗ ಹಿಂದಿನವ್ರನ್ನ ತಗೋತಾರಂತ್ರಿ. ಜಲ್ದಿ ಆಗ್ಲಿ ಅಂತ್ರಿ." ಈ ಮಾತು ನಾನು ಕೇಳಿದ್ದೇನೆ. ಕೇಳಿರಲಿಲ್ಲ ಎಂದು ಹೇಳುವಂತಿಲ್ಲ.

ಪೊಲೀಸಪ್ಪ ನನ್ನನ್ನು ನೋಡಿದ. "ಹುಡುಗಿ ಹೆಂಗ್ರೀ ಗೌಡ್ರ? ಗಲಾಟಿ ಗಿಲಾಟಿ ಏನರ?"

ನಾನು ಕತೆ ಹೇಳುವ ಮನುಷ್ಯ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನಮ್ಮಜ್ಜಿ ಕಡಲೆ ಬಿಡಿಸುತ್ತ ಬಿಡಿಸುತ್ತ ಕಲಿಸಿದ್ದಳು. ನಾಲ್ಕು ಮಂದಿ ಬಾಯಿ ನೋಡುತ್ತ ಕುಳಿತರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ಭಾಳ ಚಲೋ ಹುಡುಗಿರಿ," ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ವಿಮಾನ ಇರ್ಲಿ ಬಿಡ್ರಿ, ಎಂಟನೇತ್ತೆ ಸಾಲ್ಯಾಗ ಇದ್ದಾಗನ ನಮ್ಮ ಟ್ರ್ಯಾಕ್ಟರ್ ಹಾರಿಸ್ಯಾಳ ಅಕಿ!"

ಊರೆಲ್ಲ ಕೇಳಿದ್ದ ಕತೆ ಅದು. ನಾನೇ ಹೇಳಿ ಹೇಳಿ ನುಣುಪು ಮಾಡಿದ್ದು. ಸಾಲಿಯಿಂದ ಬರುತ್ತಿದ್ದ ಹುಡುಗಿ ದಾರಿಯಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಏರಿದ್ದು, ಗೇರ್ ಬಿದ್ದದ್ದು, ಒಡ್ಡು ದಾಟಿ ಕಾಲುವೆಗೆ ಮುಗ್ಗರಿಸಿದ್ದು, ಎರಡು ಜಡೆ ಇಳಿಬಿಟ್ಟುಕೊಂಡು ಅಕಿ ಸೀಟಿನ ಮೇಲೆ ರಾಣಿಯ ಹಾಗೆ ಕುಳಿತಿದ್ದದ್ದು... ಪೊಲೀಸಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಗು ಮುಗಿದ ಮೇಲೆ, ಹಾಗೇ, ಚಹಾದ ಕಪ್ಪು ಕೆಳಗಿಡುತ್ತ ಕೇಳಿದ —

"ಯಾರಿಗರ ಪೆಟ್ಟು ಬಿದ್ದಿತ್ತೇನ್ರಿ?"

ಒಂದು ಗಳಿಗೆ ಇತ್ತು ಅಲ್ಲಿ. ಇವತ್ತಿಗೂ ನಾನು ತಿರುಗಿ ತಿರುಗಿ ಹೋಗಿ ನಿಲ್ಲುವುದು ಆ ಗಳಿಗೆಯಲ್ಲೇ. ಹನುಮಂತಪ್ಪ ತಲೆ ಎತ್ತಿ ನನ್ನ ಮುಖ ನೋಡಿದ್ದ.

"ನಮ್ಮ ಆಳು ಫಕೀರಪ್ಪನ ಕಾಲು ಮುರೀತು ನೋಡ್ರಿ," ಅಂದೆ. "ಇನ್ನೂ ಕುಂಟತಾನ."

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಟ್ರ್ಯಾಕ್ಟರ್ ಏರಿದವನು ನನ್ನ ಮಗ. ಹದಿನಾರರ ಹುಡುಗ. ದಾರಿಯಲ್ಲಿ ಬರುತ್ತಿದ್ದ ಸುಜಾತಾಳಿಗೆ ತನ್ನ ಪೌರುಷ ತೋರಿಸಲು ಗೇರ್ ಹಾಕಿದ. ಗಾಡಿ ಒಡ್ಡಿನಿಂದ ಜಾರಿತು. ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಫಕೀರಪ್ಪ ಗಾಲಿಗೆ ಸಿಕ್ಕಿಕೊಂಡ. ನನ್ನ ಮಗ ಹಾರಿ ಓಡಿದ. ಗಾಡಿ ಇನ್ನೂ ನಡುಗುತ್ತ ಮುಂದೆ ಜಗ್ಗುತ್ತಿತ್ತು, ಫಕೀರಪ್ಪ ಚೀರುತ್ತಿದ್ದ. ಆಗ ಆ ಹುಡುಗಿ ಪುಸ್ತಕದ ಚೀಲ ಒಗೆದು, ಮೇಲೆ ಹತ್ತಿ, ಎಂಜಿನ್ ನಿಲ್ಲಿಸುವ ಗುಂಡಿ ಹುಡುಕಿ ಎಳೆದಳು. ಅಕಿ ಎಳೆಯದಿದ್ದರೆ ಕಾಲಿನಷ್ಟಕ್ಕೇ ಮುಗಿಯುತ್ತಿರಲಿಲ್ಲ, ಫಕೀರಪ್ಪನ ಜೀವವೇ ಹೋಗುತ್ತಿತ್ತು. ಜನ ಓಡಿ ಬಂದಾಗ ಸೀಟಿನ ಮೇಲೆ ಇದ್ದವಳು ಅಕಿ. ಫಕೀರಪ್ಪ ಎಚ್ಚರ ತಪ್ಪಿದ್ದ, ಅವನಿಗೆ ಏನೂ ನೆನಪಿಲ್ಲ.

ನಾನು ಬದುವಿನ ಬೇಲಿಯ ಹಿಂದೆ ಇದ್ದೆ. ಎಲ್ಲವನ್ನೂ ನೋಡಿದೆ.

ಅಕಿ ಒಂದು ಸಲ "ನಾನಲ್ರಿ" ಅಂದಳು. ಒಂದೇ ಸಲ. ಹನುಮಂತಪ್ಪ ಅಕಿಯ ಕೈ ಹಿಡಿದು ಜಗ್ಗಿಕೊಂಡು ಹೋದ. ನಾನು ದೊಡ್ಡ ಮನಸ್ಸು ಮಾಡಿದವನ ಹಾಗೆ "ಸಣ್ಣ ಹುಡುಗಿ, ಬಿಡ್ರಿ" ಅಂದೆ. ಆ ಮಾತಿಗೆ ಊರು ನನ್ನನ್ನು ಹೊಗಳಿತು. ಮುಂದೆ ಅದು ಕತೆಯಾಯಿತು, ಕತೆಯಲ್ಲಿ ನಗು ಬಂತು, ನಗು ಬಂದ ಮೇಲೆ ಪಾಪ ಕಾಣದಾಯಿತು. ಮಗನನ್ನು ಉಳಿಸಲು ಹಾಗೆ ಮಾಡಿದೆನೋ, ಅಥವಾ ಅಕಿ ಊರಾಚೆಯ ಆ ಓಣಿಯವಳು, ಹೊರಲಿ ಬಿಡು ಎಂದು ಒಳಗೆಲ್ಲೋ — ಇಲ್ಲ, "ಒಳಗೆಲ್ಲೋ" ಅಲ್ಲ. ನನಗೆ ಗೊತ್ತಿತ್ತು.

ಪಾಸು ಹೊತ್ತಿಗೆ ಬರಲಿಲ್ಲ. ಮುಂದೆ ಒಂದು ದಿನ ಅದೇ ಪೊಲೀಸಪ್ಪ ಸಂತೆಯಲ್ಲಿ ಸಿಕ್ಕು, ತಾನಾಗಿ ಹೇಳಿದ — "ನೀವು ಹೇಳಿದ್ದನ್ನ ಬರದಿದ್ದೆ ನೋಡ್ರಿ ಗೌಡ್ರ. ಗಾಡಿ ಬೇಕಾಬಿಟ್ಟಿ ಹೊಡದು ಒಬ್ಬಂವಗ ಗಾಯ ಮಾಡ್ಯಾಳಂತ. ಪೈಲಟ್ ಕೆಲಸಕ್ಕ ಅಂದಮ್ಯಾಲ ಮತ್ತೊಮ್ಮೆ ವಿಚಾರಣಿ ಮಾಡ್ರಿ ಅಂದ್ರು ಮ್ಯಾಲಿನವ್ರು. ಅದರಾಗ ತಡಾ ಆತು." ಅಷ್ಟರಲ್ಲಿ ಅಕಿಯ ಜಾಗಕ್ಕೆ ಹಿಂದಿನವರು ಹೋಗಿದ್ದರು. ಹಾರುತ್ತಲೇ ಇರದಿದ್ದರೆ ಲೈಸೆನ್ಸ್ ಉಳಿಯುವುದಿಲ್ಲವಂತೆ, ಕೈಯಿಂದ ಖರ್ಚು ಮಾಡಿ ಹಾರಲು ಅವರಲ್ಲಿ ಏನಿತ್ತು? ಸುಜಾತಾ ಹುಬ್ಬಳ್ಳಿಯ ಒಂದು ಟ್ಯೂಷನ್ನಿನಲ್ಲಿ ಗಣಿತ ಹೇಳಿಕೊಡತೊಡಗಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆದರೆ ಅಂದಿನಿಂದ ನಮ್ಮ ಓಣಿಯಲ್ಲಿ ಯಾರೇ ಟ್ರ್ಯಾಕ್ಟರ್ ತಂದು ನಿಲ್ಲಿಸಲಿ, ಎಂಜಿನ್ ಬಂದಾದ ಮೇಲೆ ಒಂದು ಮೌನ ಬರುತ್ತದಲ್ಲ — ಆ ಮೌನದಲ್ಲಿ "ನಾನಲ್ರಿ" ಎಂಬ ದನಿ ನನಗೆ ಕೇಳುತ್ತದೆ. ಉಣ್ಣುವಾಗ ಕೇಳಿದರೆ ತಟ್ಟೆ ಬಿಟ್ಟು ಬಾಗಿಲಿಗೆ ಹೋಗಿ ನೋಡುತ್ತೇನೆ. ಹೆಂಡತಿ ಕಿವಿಯ ಡಾಕ್ಟರ ಹತ್ತಿರ ಹೋಗಿ ಬರ್ರಿ ಅನ್ನುತ್ತಾಳೆ.

ಈ ಬೇಸಗೆಯಲ್ಲಿ ಒಂದು ಸಂಜೆ ಒಳಗಿನಿಂದ ನಗು ಕೇಳಿತು. ನನ್ನ ಮಗ ತನ್ನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಆ ಕತೆ ಹೇಳುತ್ತಿದ್ದ — ನನ್ನ ಮಾತಿನಲ್ಲೇ, ನಾನು ದನಿ ಇಳಿಸುವ ಕಡೆ ದನಿ ಇಳಿಸಿ. ಸುಳ್ಳು ಹೇಳುವ ಅಳುಕು ಅವನ ಮುಖದಲ್ಲಿ ಇರಲಿಲ್ಲ. ಅವನು ಅದನ್ನು ನಂಬಿಬಿಟ್ಟಿದ್ದ. ಅಥವಾ ನಾನೇ ನಂಬಿಸಿಬಿಟ್ಟಿದ್ದೆ.

ಮರುವಾರ ಸುಜಾತಾ ಬುದ್ಧ ಪೂರ್ಣಿಮೆಗೆ ಊರಿಗೆ ಬಂದಾಗ ನಾನು ಅವರ ಮನೆಗೆ ಹೋದೆ. ಆ ಓಣಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹನುಮಂತಪ್ಪ ಗಾಬರಿಯಾಗಿ ಎದ್ದು ನಿಂತ. ಎಲ್ಲವನ್ನೂ ಹೇಳಿದೆ — ಚಂದ ಮಾಡದೆ, ತಡವರಿಸುತ್ತ.

"ನೀವು ನೋಡಿದ್ರೇನ್ರಿ?" ಎಂದಳು ಸುಜಾತಾ.

"ನೋಡಿದ್ದೆನವ್ವ."

"ಯಾರೂ ನೋಡಿಲ್ಲ ಅಂತ ತಿಳಕೊಂಡಿದ್ದೆ ನಾ. ನೋಡಿಲ್ಲ, ಅದಕ್ಕ ಹಂಗ ಅಂತಾರ ಅಂತ." ಅಕಿ ಅಪ್ಪನ ಕಡೆ ನೋಡಿದಳು. "ಅದಕ್ಕ ಸಿಟ್ಟ ಮಾಡ್ಕೊಂಡಿರಲಿಲ್ಲ."

ಮಾಫಿ ಕೇಳಬೇಕೆಂದು ಹೋಗಿದ್ದೆ. ಕೇಳದೆ ಎದ್ದು ಬಂದೆ. ಮರುದಿನ ಠಾಣೆಗೆ ಹೋಗಿ ನಡೆದದ್ದರ ಹೇಳಿಕೆ ಕೊಟ್ಟು ಬಂದೆ. ಇನ್ನೊಂದು ಕಂಪನಿ ಅಕಿಯನ್ನು ಕರೆದರೆ ಅದು ಉಪಯೋಗಕ್ಕೆ ಬರಬಹುದು, ಕರೆಯದಿದ್ದರೆ ಇಲ್ಲ. ಹೋದ ಜಾಗ ತಿರುಗಿ ಬರುವುದಿಲ್ಲ. ನನ್ನ ಮಗ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಆ ವಾರದಿಂದ ಹನುಮಂತಪ್ಪ ನಮ್ಮ ಹೊಲಕ್ಕೆ ಬರುತ್ತಿಲ್ಲ. ಬೇರೆಯವರ ಕೆಲಸಕ್ಕೆ ಹೋಗುತ್ತಾನೆ. ಇಷ್ಟು ವರ್ಷ ದುಡಿದ ಮನೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ "ಗೌಡ್ರನ್ನ ಕೇಳ್ರಿ" ಅನ್ನುತ್ತಾನಂತೆ. ಅವರು ಬಂದು ಕೇಳುತ್ತಾರೆ. ನಾನು ಹೇಳುತ್ತೇನೆ.