ಮುರಳಿಮೋಹನನ ಮೊದಲ ಚಿತ್ರಪ್ರದರ್ಶನ

ಚಿಕ್ಕಬಳ್ಳಾಪುರದಲ್ಲಿ ಶಾಮಿಯಾನ ಹಾಕಿಸುವವರಿಗೆಲ್ಲ ಮುರಳಿಮೋಹನ ಗೊತ್ತು. ಮದುವೆಯಿರಲಿ, ನಾಮಕರಣವಿರಲಿ, ಅವನು ನಿಂತು ಮಾಡಿಸಿದರೆ ಕುರ್ಚಿಯ ಸಾಲು ಕೂಡ ಸೊಟ್ಟಗಾಗುವುದಿಲ್ಲ. ಅಂಥವನಿಗೆ ಹೋದ ವರ್ಷ ಚಿತ್ರಪ್ರದರ್ಶನ ಮಾಡಿಸುವ ಹುಚ್ಚು ಹತ್ತಿತು. ಹತ್ತಿಸಿದವರು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಮೆಹ್ವಿಶ್ ಮೇಡಮ್.

ಜಂಗಮಕೋಟೆಯ ಅಮ್ಮಾಜಮ್ಮ ರೇಷ್ಮೆಹುಳುವಿನ ತಟ್ಟೆಗೆ ಹಾಸುವ ಕಾಗದದ ಮೇಲೆ ಇದ್ದಿಲು, ಕೆಮ್ಮಣ್ಣಿನಿಂದ ಹಸು, ಹುಳು, ಹಿಪ್ಪುನೇರಳೆ ಗಿಡ ಬರೆಯುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಡಮ್ ಕಣ್ಣಿಗೆ ಬಿದ್ದದ್ದೇ ತಡ, ಸಮುದಾಯ ಭವನದಲ್ಲಿ ಒಂದು ದಿನದ ಪ್ರದರ್ಶನ ಗೊತ್ತಾಯಿತು. ಕಟ್ಟು ಹಾಕಿಸಿದ ತನ್ನ ಚಿತ್ರಗಳು ಗೋಡೆಯ ಮೇಲೆ ಹೇಗೆ ಕಾಣುತ್ತವೋ ಒಮ್ಮೆ ನೋಡಬೇಕು, ಅಷ್ಟೇ ಮುದುಕಿಯ ಆಸೆ.

ಮುರಳಿ ಮೊದಲು ಮದುವೆಯ ಬ್ಯಾನರಿನಂತೆ ಚಿತ್ರಗಳನ್ನು ಸೂರಿನ ಹತ್ತಿರ ತೂಗುಹಾಕಿ, ಸುತ್ತಲೂ ಸೀರಿಯಲ್ ಸೆಟ್ ಬಿಟ್ಟಿದ್ದ.

"ಇದು ರಿಸೆಪ್ಷನ್ ಅಲ್ಲ ಮುರಳಿ," ಎಂದು ಮೇಡಮ್ ನಕ್ಕರು. "ನೋಡೋರ ಕಣ್ಣಿನ ಎತ್ತರಕ್ಕೆ ಇಳ್ಸಿ. ಮಧ್ಯೆ ಜಾಗ ಬಿಡಿ. ಬಣ್ಣದ ಲೈಟ್ ಬೇಡ, ಬಿಳೀದು ಸಾಕು."

ಎಲ್ಲವನ್ನೂ ಕಲಿತ, ಪಾಪ. ಆದರೆ ಹಳೆಯ ಚಾಳಿ ಬಿಡಬೇಕಲ್ಲ! ಬಾಗಿಲಿಗೆ ಕೆಂಪು ಟೇಪು ಕಟ್ಟಿದ, ತಟ್ಟೆಯಲ್ಲಿ ಕತ್ತರಿ ಇಟ್ಟ. ಮುಖ್ಯ ಅತಿಥಿ ಟೇಪು ಕತ್ತರಿಸದೆ ಒಂದು ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ. ನಮ್ಮ ಕಡೆಯ ಸಮಾರಂಭಗಳಿಗೆ ಅದೇ ಕಾನೂನು.

ಅಮ್ಮಾಜಮ್ಮ ಹೊಸ ಸೀರೆ ಉಟ್ಟು ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದಳು. ಅತಿಥಿಯ ಸುಳಿವಿಲ್ಲ. ಅವರನ್ನು ಕರೆತರಲು ಮೇಡಮ್ ಹೆದ್ದಾರಿಯ ಕಡೆ ಹೋಗಿದ್ದರು. ಊಟದ ಹೊತ್ತು ಮೀರಿದ ಮೇಲೆ ಮುದುಕಿ ಮೆಲ್ಲಗೆ ಮುರಳಿಯ ಹತ್ತಿರ ಬಂದಳು.

"ಹುಳಕ್ಕೆ ಸೊಪ್ಪು ಹಾಕ್ಬೇಕು ಕಣಪ್ಪ, ಹಾಲೂ ಕರೀಬೇಕು. ಬಸ್ಸು ಹೊಂಟೋಗ್ತದೆ. ಒಂದ್ಸಲ ಒಳಕ್ಕೋಗಿ ನೋಡ್ಕೊಂಡು ಬಂದ್ಬಿಡ್ಲಾ?"

"ಅಯ್ಯೋ, ಇನ್ನೇನು ಬಂದ್ಬಿಡ್ತಾರೆ ಅಜ್ಜಿ. ಟೇಪ್ ಕಟ್ ಮಾಡೋಕೆ ಮುಂಚೆ ಒಳಗೋದ್ರೆ ಚೆನ್ನಾಗಿರಲ್ಲ. ಕೂತ್ಕೊಳ್ಳಮ್ಮ."

ಕೂತಳು. ಅವನು ಮತ್ತೆ ತಿರುಗಿ ನೋಡುವಾಗ ಕುರ್ಚಿ ಖಾಲಿಯಾಗಿತ್ತು. ಕೊನೆಗೂ ಅತಿಥಿ ಬಂದರು, ಟೇಪು ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಅಮ್ಮಾಜಮ್ಮ ಎಲ್ಲಿ ಎಂದು ಮೇಡಮ್ ಕೇಳಿದಾಗ ಮುರಳಿ ತಡವರಿಸುತ್ತ ನಡೆದದ್ದನ್ನು ಹೇಳಿದ. ಮೇಡಮ್ ಬೈಯಲಿಲ್ಲ.

"ಅವರ ಚಿತ್ರ ಅಲ್ವಾ ಮುರಳಿ," ಎಂದರು, ಅಷ್ಟೇ.

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಎಷ್ಟೋ ಜನರನ್ನು ಬಾಗಿಲಲ್ಲಿ ತಡೆದಿದ್ದ, ಎಂದೂ ಹೀಗೆ ನಾಚಿಕೆಯಾಗಿರಲಿಲ್ಲ.

ಮರುದಿನ ಚಿತ್ರಗಳ ಜೊತೆಗೆ ಶಾಲು, ಹಣ್ಣಿನ ಬುಟ್ಟಿ ಗಾಡಿಯಲ್ಲಿಟ್ಟುಕೊಂಡು ಜಂಗಮಕೋಟೆಗೆ ಹೋದ. ಅಮ್ಮಾಜಮ್ಮ ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ತಪ್ಪಾಯಿತು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೈಮುಗಿದಳು.

"ಬೇಜಾರು ಮಾಡ್ಕೋಬೇಡ ಕಣಪ್ಪ. ದೊಡ್ಡೋರು ಬರೋಕೆ ಮುಂಚೆ ಒಳಗೋಗ್ತೀನಿ ಅಂದ್ಬಿಟ್ಟೆ. ನಂಗೇನು ಗೊತ್ತಾಗ್ತದೆ ಅದೆಲ್ಲ."

ಶಾಲು ಹೊದಿಸಲು ಮುರಳಿಯ ಕೈ ಏಳಲಿಲ್ಲ.